ಅಕ್ಕನ ಕೈಯ ಗೀರು

ಬೀದಿಯವರ ಬಾಯಲ್ಲಿ ಅವಳು ‘ಮೊಟ್ಟೆ ಮೇಡಂ’. ಕಾವಿಗೆ ಆಗಿಬರುವ ಮೊಟ್ಟೆಗಳನ್ನೇ ಆರಿಸಿ, ಬುಟ್ಟಿಯನ್ನು ಎಳೆಗೂಸಿನಂತೆ ಎದೆಗವಚಿಕೊಂಡು ಬಸ್ಸು ಹತ್ತುವ ಹೆಂಗಸಿಗೆ ಬೇರೆ ಹೆಸರು ಬೇಕಿರಲಿಲ್ಲ. “ಇಷ್ಟೊಂದು ಮೊಟ್ಟೆ ತರ್ತೀರ, ಒಂದಿನಾನೂ ಆಮ್ಲೆಟ್ ವಾಸನೆ ಬಂದಿಲ್ವಲ್ಲ ನಿಮ್ಮನೆಯಿಂದ” ಎಂದು ಪಕ್ಕದ ಮನೆಯಾಕೆ ಚುಡಾಯಿಸುತ್ತಿದ್ದಳು.

ಆ ಮೊಟ್ಟೆಗಳೆಲ್ಲ ಹೋಗುತ್ತಿದ್ದುದು ಕಾಲೇಜಿನ ಹಿಂಬದಿಯ ಲ್ಯಾಬಿಗೆ. ಮರಿಯ ಮೈಯಲ್ಲಿ ಶ್ವಾಸಕೋಶ ಹೇಗೆ ಆಗುತ್ತದೆ ಎಂಬ ಒಂದೇ ಪ್ರಶ್ನೆಯ ಬೆನ್ನು ಹತ್ತಿ ಅವಳ ತಲೆ ನರೆತಿತ್ತು. ಮೊದಲಿಗೆ ಅಲ್ಲಿರುವುದು ಒಂದು ಬೋಳು ಕೊಳವೆ. ಅದರ ತುದಿ ಕವಲೊಡೆಯುತ್ತದೆ, ಕವಲು ಮತ್ತೆ ಕವಲೊಡೆಯುತ್ತದೆ. ಇಲ್ಲಿ ಒಡೆ, ಅಲ್ಲಿ ಬೇಡ ಎಂದು ಒಂದು ಜೀವಕೋಶ ಇನ್ನೊಂದಕ್ಕೆ ಹೇಳುವುದು ಹೇಗೆ?

ಅದಕ್ಕೆ ಉತ್ತರ ಕಂಡವರೆಂದು ಹೆಸರಾದವರು ಅವಳ ಮೇಷ್ಟ್ರು. ಭ್ರೂಣದಿಂದ ತೆಗೆದ ಗಾಳಿಕೊಳವೆಯನ್ನು ಗಾಜಿನ ತಟ್ಟೆಯಲ್ಲಿಟ್ಟು, ಪಕ್ಕದ ಮಾಂಸವನ್ನು ಸೂಜಿಯಿಂದ ಗೀರಿ, ಸಾಸಿವೆಗಿಂತ ಚಿಕ್ಕದೊಂದು ಮಣಿಯನ್ನು ಅವರು ಕೂರಿಸಿದ್ದರು. ಮಣಿಯನ್ನು ಒಂದು ಪ್ರೊಟೀನಿನಲ್ಲಿ ನೆನೆಸಿದ್ದರೆ ಅಲ್ಲಿ ಹೊಸ ಕವಲು ಮೂಡುತ್ತಿತ್ತು. ಬರಿ ಮಣಿಯಾದರೆ ಏನೂ ಇಲ್ಲ. ಹಾಗಾಗಿ ಕವಲೊಡೆಯಲು ಹೇಳುವ ಸಂಕೇತ ಆ ಪ್ರೊಟೀನೇ ಎಂದು ಪಠ್ಯಪುಸ್ತಕಗಳೂ ಬರೆದುಕೊಂಡವು.

ಅವಳು ಆ ಲ್ಯಾಬಿಗೆ ಕಾಲಿಟ್ಟಾಗ ಎತ್ತರದ ಸ್ಟೂಲು ಹತ್ತದೆ ಮೇಜು ಎಟುಕದಷ್ಟು ಗಿಡ್ಡ. ಮೇಷ್ಟ್ರು ‘ಗುಬ್ಬಿ’ ಎಂದು ಕರೆದರು, ಅದೇ ನಿಂತಿತು. ಮೇಷ್ಟ್ರ ಹೆಂಡತಿಯೂ ಅಲ್ಲೇ ಕೆಲಸ ಮಾಡುತ್ತಿದ್ದರು, ಎಲ್ಲರ ಪಾಲಿಗೂ ‘ಅಕ್ಕ’. ಒಳಪೊರೆ ಹರಿಯದಂತೆ ಮೊಟ್ಟೆಯ ಚಿಪ್ಪು ತೆಗೆಯುವುದನ್ನು ಅವಳ ಬೆರಳು ಹಿಡಿದು ಕಲಿಸಿದವರು ಅಕ್ಕ. ತಾಯಿಯಿಲ್ಲದ ಹುಡುಗಿಗೆ ತಮ್ಮ ಡಬ್ಬಿಯ ಅರ್ಧ ಊಟ ಕೊಟ್ಟವರೂ ಅವರೇ. ಅಕ್ಕ ತೀರಿಕೊಂಡಾಗ ಮೇಷ್ಟ್ರ ಪಕ್ಕ ಕೂತು ಅತ್ತವರು ಇಬ್ಬರು: ಸ್ವಂತ ಮಗಳು ಮತ್ತು ಗುಬ್ಬಿ. ನಿವೃತ್ತರಾದ ದಿನ ಮೇಷ್ಟ್ರು ಲ್ಯಾಬಿನ ಕೀಲಿಯನ್ನು ಅವಳ ಅಂಗೈಗೆ ಹಾಕಿ, “ನನ್ನ ಕೂಸನ್ನ ನಿನ್ನ ಮಡಿಲಿಗೆ ಹಾಕ್ತಿದೀನಿ ಕಣೇ” ಎಂದರು.

ಎಡವಟ್ಟು ಶುರುವಾದದ್ದು ಅವರ ಮಾತನ್ನು ಇನ್ನಷ್ಟು ಗಟ್ಟಿಮಾಡಲು ಹೊರಟಾಗ. ಪ್ರೊಟೀನಿನ ಸಂಕೇತವನ್ನು ತಡೆದರೆ ಕವಲು ನಿಲ್ಲಬೇಕಲ್ಲ ಎಂದು ಅವಳು ತಡೆಯುವ ಮದ್ದಿನ ಮಣಿಯೊಂದನ್ನೂ ಜೊತೆಗೆ ಕೂರಿಸಿದಳು. ಎರಡು ಮಣಿ ಹಿಡಿಸಬೇಕಾದ್ದರಿಂದ ಗೀರು ತುಸು ಆಳವಾಗಿತ್ತು. ಕವಲು ನಿಲ್ಲಲಿಲ್ಲ. ಮದ್ದು ಹಳತಾಗಿರಬೇಕೆಂದು ಹೊಸದು ತರಿಸಿದಳು. ಆಗಲೂ ಕವಲು ಬಂತು. ಕೊನೆಗೆ ಯಾವ ಮಣಿಯನ್ನೂ ಇಡದೆ ಸುಮ್ಮನೆ ಆಳವಾಗಿ ಗೀರಿಬಿಟ್ಟಳು. ಮೈಕ್ರೋಸ್ಕೋಪಿನಡಿ ಪುಟ್ಟ ಕವಲು ತಲೆಯೆತ್ತಿ ನಿಂತಿತ್ತು. ಕೊಳವೆಯನ್ನು ಎಬ್ಬಿಸಿದ್ದು ಪ್ರೊಟೀನಲ್ಲ, ಗಾಯ. ನವಿರಾಗಿ ಗೀರಿದರೆ ಏನೂ ಆಗುತ್ತಿರಲಿಲ್ಲ. ಆಳವಾದರೆ ಪ್ರತಿ ಸಲವೂ ಕವಲು.

ಅವಳು ಯಾರಿಗೂ ಬಾಯಿ ಬಿಡಲಿಲ್ಲ. ಅನ್ನ ಸೇರದಾದಾಗ ಗಂಡನ ಹತ್ತಿರ ಹೇಳಿಕೊಂಡಳು. ಶಾಲೆಯಲ್ಲಿ ಗಣಿತ ಹೇಳುವ ಮನುಷ್ಯ ಅವನು.

“ಅವರಿಗೆ ವಯಸ್ಸಾಯ್ತು. ಇರೋಷ್ಟು ದಿನ ಇರಲಿ ಬಿಡು. ಆಮೇಲೆ ಹೇಳಿದ್ರೆ ಯಾರಿಗೇನು ನಷ್ಟ?” ಎಂದ.

ಅವಳಿಗೂ ಅದೇ ಬೇಕಿತ್ತು. ಆದರೆ ಒಂದು ದಿನ ಮಕ್ಕಳ ಆಸ್ಪತ್ರೆಯ ವೈದ್ಯೆಯೊಬ್ಬಳು ಫೋನ್ ಮಾಡಿದಳು. ಅವಧಿಗೆ ಮುಂಚೆ ಹುಟ್ಟಿ ಉಸಿರಿಗೆ ಒದ್ದಾಡುವ ಕೂಸುಗಳಿಗೆ ಆ ಪ್ರೊಟೀನನ್ನೇ ಕೊಟ್ಟು ನೋಡುವ ಯೋಚನೆಯಿದೆ, ನಿಮ್ಮ ಸಲಹೆ ಬೇಕು ಎಂದಳು. ಫೋನ್ ಇಟ್ಟವಳೇ ಗುಬ್ಬಿ ಮೇಷ್ಟ್ರ ಮನೆಗೆ ಹೊರಟಳು.

ಮೇಷ್ಟ್ರು ಎಲ್ಲವನ್ನೂ ಕೇಳಿಸಿಕೊಂಡರು. ಮುಖ ಕೆಂಪಾಯಿತು.

“ನಿನ್ನ ಕೈ ಕೆಟ್ಟಿದೆ. ಗೀರೋಕೆ ಬರಲ್ಲ ನಿಂಗೆ.”

“ಬೇರೆಬೇರೆ ಥರ ಗೀರಿ ನೋಡ್ದೆ ಸರ್...”

“ನಾಳೆ ನಾನೇ ಬರ್ತೀನಿ. ಮೊಟ್ಟೆ ರೆಡಿ ಇಟ್ಟಿರು.”

ಬಂದರು. ಹಳೆಯ ಕೋಟು ಹೆಗಲಿನಿಂದ ಜಾರುತ್ತಿತ್ತು. ಸೂಜಿ ಕೈಗೆತ್ತಿಕೊಂಡಾಗ ಅವಳು ಆಸರೆ ಕೊಡಲು ಹೋದಳು, ಮೊಣಕೈಯಿಂದ ದೂಡಿದರು. ಬರಿ ಮಣಿಗಳನ್ನು ತಾವೇ ಗೀರಿ ಕೂರಿಸಿ ಮನೆಗೆ ಹೋದರು. ತಟ್ಟೆಗಳನ್ನು ನೋಡುವ ದಿನ ಅವಳು ಬಾಗಿಲ ಬಳಿಯೇ ನಿಂತಳು. ಮೇಷ್ಟ್ರು ಒಂದೊಂದಾಗಿ ಎಲ್ಲ ನೋಡಿದರು, ಮತ್ತೆ ಮೊದಲಿನಿಂದ ನೋಡಿದರು. ಬರಿ ಮಣಿಯ ಪಕ್ಕದಲ್ಲೆಲ್ಲ ಕವಲು.

“ಬರಿ ಮಣಿ ಅವಳು ಹಾಕ್ತಿದ್ಲು” ಎಂದರು, ಕಣ್ಣು ಎತ್ತದೆ.

“ಯಾರು ಸರ್?”

“ನಿಮ್ಮಕ್ಕ. ಪ್ರೊಟೀನ್ ಮಣಿ ನಾನು, ಬರಿ ಮಣಿ ಅವಳು. ಏನೂ ಆಗಲ್ಲ ಅಂತ ಗೊತ್ತಿರೋ ಬೇಜಾರಿನ ಕೆಲಸ, ಅವಳ ತಲೆಗೆ ಕಟ್ಟಿದ್ದೆ. ಅವಳ ಕೈ ನೋಡಿದೀಯಲ್ಲ. ಅವಳು ಗೀರಿದ್ರೆ ಗೀರಿದ ಗುರುತೇ ಸಿಗ್ತಿರಲಿಲ್ಲ. ನನ್ನ ಕೈ ಮೊದಲಿಂದ್ಲೂ ಭಾರ.” ತಟ್ಟೆಯನ್ನು ಪಕ್ಕಕ್ಕೆ ಸರಿಸಿ, “ಒಂದ್ಸಲ ಕೇಳಿದ್ಲು ಕಣೇ. ‘ಇವತ್ತೊಂದಿನ ಅದಲು ಬದಲು ಮಾಡ್ಕೊಳ್ಳೋಣ್ವಾ, ನಂಗೂ ಕವಲು ನೋಡೋ ಆಸೆ’ ಅಂತ. ನಕ್ಕುಬಿಟ್ಟೆ. ‘ನಿಂಗ್ಯಾಕೆ ಅದು’ ಅಂದೆ.”

ಕೋಟು ಬಿಚ್ಚಿ ಸ್ಟೂಲಿನ ಮೇಲಿಟ್ಟರು. ಹಳೆಯ ಪ್ರಬಂಧವನ್ನು ಹಿಂದಕ್ಕೆ ಪಡೆಯುವ ಕಾಗದಕ್ಕೆ ಆ ವಾರವೇ ಸಹಿ ಹಾಕಿದರು. ವೈದ್ಯೆ ತನ್ನ ಯೋಚನೆಯನ್ನು ಕೈಬಿಟ್ಟಳು. ತಮ್ಮ ಕೂಸುಗಳಿಗೆ ಯಾವ ಅಪಾಯ ತಪ್ಪಿತೆಂದು ಅಪ್ಪ ಅಮ್ಮಂದಿರಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಮೇಷ್ಟ್ರು ಮತ್ತೆ ಲ್ಯಾಬಿನತ್ತ ಸುಳಿಯಲಿಲ್ಲ. ಅವಳು ಹಣ್ಣು ಹಿಡಿದು ಮನೆಗೆ ಹೋದಾಗೆಲ್ಲ ಮಗಳು ಬಾಗಿಲಲ್ಲೇ ನಿಂತು, “ಅಪ್ಪ ಮಲಗಿದಾರೆ” ಎನ್ನುತ್ತಿದ್ದಳು. ಒಳಗಿಂದ ಅವರು ಕೆಮ್ಮುವುದು, ಪುಟ ತಿರುವುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಅವಳು ಹಣ್ಣಿನ ಚೀಲ ಕೊಟ್ಟು ಮೆಟ್ಟಿಲಿಳಿಯುತ್ತಿದ್ದಳು. “ಹೋಗಬೇಡ, ಯಾಕೆ ಮನಸ್ಸು ಹಣ್ಣು ಮಾಡ್ಕೋತೀಯ?” ಎಂದ ಗಂಡನಿಗೆ, “ಒಂದಿನ ಒಳಗೆ ಕರೀತಾರೆ” ಎನ್ನುತ್ತಿದ್ದಳು.

ಕರೆಯಲಿಲ್ಲ. ಮುಂದಿನ ಚಳಿಗಾಲದಲ್ಲಿ ಮೇಷ್ಟ್ರು ಹೋದರು. ಅಷ್ಟು ದಿನ ದಾಟಲಾಗದ ಹೊಸಿಲನ್ನು ಅವಳು ದಾಟಿದ್ದು ಹೆಣ ನೋಡಲಿಕ್ಕೆ. ಜನ ಕರಗಿದ ಮೇಲೆ ಮಗಳು ಬಳಿ ಬಂದು ಕೂತಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಷ್ಟೇ ಇತ್ತು.

“ಕೂಸುಗಳ ವಿಷಯ ನಂಗೂ ಗೊತ್ತು. ನೀವು ಮಾಡಿದ್ದು ಸರಿ. ಆದ್ರೆ ಇನ್ನುಮೇಲೆ ನೀವು ಬರಬೇಡಿ ಅಕ್ಕಾ. ನಿಮ್ಮನ್ನ ನೋಡಿದ್ರೆ ನಂಗೆ ತಡ್ಕೊಳ್ಳೋಕಾಗಲ್ಲ.”

ಅವಳು ತಲೆಯಾಡಿಸಿದಳು. ಚಪ್ಪಲಿ ಮೆಟ್ಟಿ ಬಸ್ ಸ್ಟಾಪಿಗೆ ನಡೆದಳು. ಬಂದ ಬಸ್ಸೊಂದು ನಿಂತು, ಯಾರೂ ಹತ್ತದ್ದರಿಂದ ಹೊರಟುಹೋಯಿತು. ಅದು ತನ್ನ ಬಸ್ಸೇ ಎಂದು ಅವಳಿಗೆ ತಿಳಿದದ್ದು ಅದು ತಿರುವು ದಾಟಿದ ಮೇಲೆ.