ಮಾವನವರು ಗಾಲಿಗೆ ಸರಪಳಿ ಬಿಗಿದ ದಿನ

ನಮ್ಮ ಮಾವನವರ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಯಾವುದೋ ನಟ್ಟು ಬಿಗಿಯುವಾಗ ಹಾರಿಹೋಗಿತ್ತಂತೆ. ಟ್ರ್ಯಾಕ್ಟರ್ ಹತ್ತುವ ಮುಂಚೆ ಆ ಮೊಂಡು ಬೆರಳಿನಿಂದ ಒಂದೊಂದು ಬೋಲ್ಟನ್ನೂ ಮುಟ್ಟಿ ನೋಡುವರು. ಮಹಾಯುದ್ಧ ಮುಗಿದ ಹೊಸದರಲ್ಲಿ, ಕಬ್ಬಿನ ಹೊಲಕ್ಕೆಂದು ಹೊಸಪೇಟೆಯಿಂದ ತಂದ ಹಳೆಯ ಗಾಡಿ ಅದು.

ಸೊಸೆಯಂದಿರ ಜೊತೆ ಅವರು ನೇರ ಮಾತಾಡುತ್ತಿರಲಿಲ್ಲ. ನಾನು ಎದುರಿಗಿದ್ದರೂ "ಆಕಿಗೆ ಉಣ್ಣಾಕ ಹೇಳು" ಎಂದು ಅತ್ತೆಗೆ ಹೇಳುವರು.

ನನ್ನ ಚೊಚ್ಚಲ ಹೆರಿಗೆಯ ಹೊತ್ತಿಗೆ ಎಡೆಬಿಡದ ಮಳೆ. ಬೆಳಿಗ್ಗೆ ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ, "ಕೂಸು ಅಡ್ಡ ಐತ್ರೀ, ಕಂಪ್ಲಿ ದವಾಖಾನಿಗೆ ಒಯ್ರಿ" ಎಂದಳು. ಎರೆಮಣ್ಣಿನ ದಾರಿಯಲ್ಲಿ ಎತ್ತುಗಳು ಮೊಣಕಾಲುದ್ದ ಹೂತುಹೋದವು. ಟ್ರ್ಯಾಕ್ಟರಿನ ಗಾಲಿ ನಿಂತಲ್ಲೇ ಗಿರಗಿರ ತಿರುಗಿತು.

ಮಾವನವರು ಕೊಟ್ಟಿಗೆಯಿಂದ, ಕೆಸರಲ್ಲಿ ಜಾರದಂತೆ ಗಾಲಿಗೆ ಸುತ್ತುವ ಎರಡು ಜೊತೆ ಸರಪಳಿ ಎಳೆದು ತಂದರು.

"ದಪ್ಪಂದು ಹಾಕೂಣಪ್ಪಾ, ಗಟ್ಟಿ ಹಿಡಿತೈತಿ," ಎಂದರು ನನ್ನ ಗಂಡ.

"ಬ್ಯಾಡ. ಅದು ಈ ಗಾಲಿಗೆ ಸಡ್ಲ ಆಗತೈತಿ. ಬಿಗಿಯಾಗಿ ಕುಂದ್ರೂದು ಬೇಕು."

ಸಣ್ಣ ಸರಪಳಿಗಳನ್ನು ದೊಡ್ಡ ಗಾಲಿಗಳ ಮುಂದೆ ನೆಲಕ್ಕೆ ಹಾಸಿ, ಗಾಡಿಯನ್ನು ಮೆಲ್ಲಗೆ ಅವುಗಳ ಮೇಲೆ ತಂದು, ತುದಿಗಳನ್ನು ಎಳೆದು ಕೊಂಡಿ ಹಾಕಿದರು. ಹಿಂದೆ ಕಟ್ಟಿದ ಬಂಡಿಯಲ್ಲಿ ಹುಲ್ಲು ಹಾಸಿ ನನ್ನನ್ನು ಮಲಗಿಸಿದರು. ಅತ್ತೆ, ನನ್ನ ಗಂಡ ಪಕ್ಕದಲ್ಲಿ ಕೂತರು. ಸ್ವಲ್ಪ ದೂರ ಹೋಗುತ್ತಲೇ ಮಾವನವರು ಗಾಡಿ ನಿಲ್ಲಿಸಿದರು. ಕೆಸರಿಗಿಳಿದು, ಸಡಿಲಾದ ಸರಪಳಿಯನ್ನು ಮತ್ತೆ ಬಿಗಿಯತೊಡಗಿದರು.

ನನ್ನ ಗಂಡ ಚೀರಿದರು: "ಜಲ್ದಿ ನಡಿಯಪ್ಪಾ! ಆಕಿ ಸಾಯ್ತಾಳ!"

"ಈಗ ನಿಂತ್ರ ನಡೀತೈತಿ. ಹಳ್ಳದಾಗ ಬಿಚ್ಚಿದ್ರ ಏನ್ ಮಾಡ್ತಿ?"

ಹಳ್ಳದ ಕೆಂಪು ನೀರು ಗಾಲಿಯ ಅಚ್ಚಿನವರೆಗೂ ಏರಿತ್ತು. ಅಲ್ಲಿ ಮಾವನವರು ಹಿಂದಕ್ಕೆ ತಿರುಗಿ ನನ್ನ ಮುಖವನ್ನೇ ನೋಡಿ ಕೇಳಿದರು: "ತಂಗೀ, ಗಟ್ಟಿ ಹಿಡಕೊಂಡೀ ಏನವ್ವಾ?"

"ಹೂಂನ್ರೀ ಮಾವಾರ," ಎಂದೆ. ಮದುವೆಯಾದ ಮೇಲೆ ನಮ್ಮಿಬ್ಬರ ನಡುವೆ ಆದ ಮೊದಲ ಮಾತು ಅದು. ದಡ ಸೇರುವವರೆಗೂ ಅವರು ಮಾತು ನಿಲ್ಲಿಸಲಿಲ್ಲ. "ಇನ್ನೇನ್ ಬಂದ್ವಿ ತಂಗೀ, ರಸ್ತೆ ಕಾಣಾಕತ್ತೈತಿ," ಎನ್ನುತ್ತಲೇ ಇದ್ದರು. ರಸ್ತೆ ಇನ್ನೂ ಎಲ್ಲೋ ಇತ್ತು.

ಆ ಮಧ್ಯಾಹ್ನ ಕಂಪ್ಲಿಯಲ್ಲಿ ಮಗಳು ಹುಟ್ಟಿದಳು. ಡಾಕ್ಟರರು ಇಬ್ಬರನ್ನೂ ಉಳಿಸಿಕೊಟ್ಟರು. ಮಾವನವರು ಬಾಗಿಲಲ್ಲೇ ನಿಂತು, ಕೆಸರಾದ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ಕೂಸನ್ನು ನೋಡಿದರು.

ಊರಿಗೆ ಮರಳಿದ ಮೇಲೆ ಹಿರಿಯ ಹೆಂಗಸರು ಮೂಗು ಮುರಿದರೂ ಅವರು ನನ್ನೊಂದಿಗೆ ನೇರವಾಗಿಯೇ ಮಾತಾಡಿದರು. ಯಾವ ಹೊಲಕ್ಕೆ ಕಬ್ಬು, ಯಾವುದಕ್ಕೆ ಭತ್ತ ಎಂದು ಕೇಳುವಷ್ಟು.

ಅವರು ತೀರಿಕೊಂಡ ದಿನ ನನ್ನ ಬಾಯಿಂದ 'ಮಾವಾರ' ಎಂಬ ಮಾತು ಹೊರಡಲೇ ಇಲ್ಲ. "ಅಪ್ಪಾ" ಎಂದೇ ಕೂಗಿ ಅತ್ತುಬಿಟ್ಟೆ.