ಖಾಲಿ ಗಾಡಿಯ ಬೆಳಕು

ಮುರಗೆಪ್ಪನ ಅಪ್ಪ ಗೂಳಪ್ಪ ತೀರಿಕೊಂಡ ಮೇಲೆ ಬನಹಟ್ಟಿಯ ಆ ಮನೆಯಲ್ಲಿ ಪಾಲಾಯಿತು. ನಾಲ್ಕು ಪಾವರ್‌ಲೂಮ್ ಮಗ್ಗಗಳು ಅಣ್ಣ ವೀರಣ್ಣನಿಗೆ ಹೋದವು, ಅವು ನಿಂತಿದ್ದ ಖಾಲಿ ಶೆಡ್ಡು ತಮ್ಮನಿಗೆ ಬಂತು. ಪಾಲು ಮಾಡಲು ಕೂತ ಹಿರಿಯರು ತಮ್ಮನಿಗೆ ಅನ್ಯಾಯವಾಯಿತೆಂದು ಲೊಚಗುಟ್ಟಿದರು. ಮುರಗೆಪ್ಪ ಮಾತ್ರ ಒಳಗೊಳಗೇ ನಕ್ಕ. ಅವನಿಗೆ ಬೇಕಾಗಿದ್ದದ್ದು ಆ ಶೆಡ್ಡಿನ ಕತ್ತಲೆ.

ಮಗ್ಗದ ಮೋಟರು ರಿಪೇರಿ ಮಾಡುತ್ತ ಕರೆಂಟಿನ ಕೆಲಸ ಕಲಿತವನು, ಆಮೇಲೆ ಗಾಡಿಗಳ ವೈರಿಂಗಿಗೆ ಇಳಿದವನು. ಗಾಡಿಯ ಮುಂದಿನ ದೀಪವನ್ನು ಸರಿಯಾಗಿ ಹೊಂದಿಸಬೇಕಾದರೆ ನೆಲ ಸಮ ಇರಬೇಕು, ಎದುರಿಗೊಂದು ಗೋಡೆ ಬೇಕು, ಸುತ್ತ ಕತ್ತಲೆ ಬೇಕು. ಉಳಿದ ಮಿಸ್ತ್ರಿಗಳು ಅದಕ್ಕಾಗಿ ಸಂಜೆಯವರೆಗೆ ಕಾಯಬೇಕು. ಮುರಗೆಪ್ಪನಾದರೋ ಕಿಟಕಿ ಮುಚ್ಚಿ ಬಾಗಿಲು ಎಳೆದರೆ ಮಟಮಟ ಮಧ್ಯಾಹ್ನವೂ ಕೆಲಸ ಶುರು. ಕೊನೆಯ ಗೋಡೆಗೆ ಸುಣ್ಣ ಬಳಿದ, ಅಲ್ಲಿಂದ ಇಪ್ಪತ್ತೈದು ಅಡಿಗೆ ನೆಲದ ಮೇಲೊಂದು ಗೆರೆ ಎಳೆದ. ಗೋಡೆಗೆ ಅಡ್ಡಲಾಗಿ ಕಪ್ಪು ನೂಲು ಬಿಗಿದು, ಅದರ ಎರಡೂ ತುದಿಗೆ ಅಪ್ಪನ ಕಾಲದ ಹಳೆಯ ಲಾಳಿಗಳನ್ನು ಭಾರಕ್ಕೆ ಕಟ್ಟಿದ. ಒಂದೊಂದು ಗಾಡಿಯ ದೀಪ ಒಂದೊಂದು ಎತ್ತರ, ಅದಕ್ಕೆ ತಕ್ಕಂತೆ ನೂಲನ್ನು ಏರಿಸಬೇಕು, ಇಳಿಸಬೇಕು. ದೀಪದ ಎತ್ತರಕ್ಕೆ ನೂಲು, ನೂಲಿಗಿಂತ ನಾಲ್ಕು ಬೆರಳು ಕೆಳಗೆ ಬೆಳಕಿನ ಅಂಚು. ಇಷ್ಟೇ ಅವನ ವಿದ್ಯೆ. ಜಮಖಂಡಿಯ ಆರ್‌ಟಿಓ ಕಚೇರಿಗೆ ಪಾಸಿಂಗಿಗೆ ಹೋಗುವ ಗಾಡಿಗಳೆಲ್ಲ ಮೊದಲು ಈ ನೂಲಿಗೆ ತಲೆಬಾಗಿ ಹೋಗುತ್ತಿದ್ದವು.

ಎಂಟು ಮೀಟರ್ ದೂರದಲ್ಲಿ ಇರುವವನ ಕಣ್ಣು ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ ಆ ಕಣ್ಣಿಗೆ ಬೆಳಕು ಕುಕ್ಕಬಾರದು ಎಂದು ಕಾಯ್ದೆಯಲ್ಲೇ ಬರೆದಿದೆ. ಮುರಗೆಪ್ಪನಿಗೆ ಅದು ಬಾಯಿಪಾಠ. ಆದರೆ ಈಗಿನ ಕಾಲದವರಿಗೆ ಕಾಯ್ದೆ ಹೇಳಿ ಏನು ಉಪಯೋಗ? ಎದುರಿನವನ ಕಣ್ಣು ಕಿತ್ತರೇ ತನ್ನ ದಾರಿ ಕಾಣುತ್ತದೆ ಎಂದು ನಂಬಿದವರೇ ಹೆಚ್ಚು. ಹುನ್ನೂರಿನ ದುರಗೇಶ ಒಮ್ಮೆ ಹಾಲಿನಷ್ಟು ಬೆಳ್ಳಗಿನ ಎಲ್‌ಇಡಿ ಬಲ್ಬು ತಂದು, "ಇದನ್ನ ಕೂಡ್ರಸ್ರಿ ಮಿಸ್ತ್ರಿ, ಹಗಲ ಆಗಬೇಕು ಹಗಲ!" ಎಂದಿದ್ದ.

"ಈ ಲೈಟಿನ ಡೂಮು ಹಳೇ ಬಲ್ಬಿಗೆ ಮಾಡಿದ್ದೋ ತಮ್ಮಾ. ಇದರಾಗ ಅದನ್ನ ತುರಕಿದ್ರ ಬೆಳಕು ದಿಕ್ಕಾಪಾಲ ಆಗತೈತಿ. ಎದುರಿಗೆ ನಿಮ್ಮವ್ವನ ಬಂದ್ರ ಏನ ಮಾಡತಿ?" ಎಂದು ಕೇಳಿದ್ದ ಮುರಗೆಪ್ಪ. ದುರಗೇಶ ಬಲ್ಬನ್ನು ಕಿಸೆಗೆ ಹಾಕಿಕೊಂಡು ಹಳೆಯ ಡೂಮನ್ನೇ ಒರೆಸಿಸಿಕೊಂಡು ಹೋದ. ಮುರಗೆಪ್ಪ ಹೊಂದಿಸಿದ ದೀಪ ಯಾರ ಕಣ್ಣಿಗೂ ಹೊಡೆಯುವುದಿಲ್ಲ ಎಂಬ ಮಾತು ಹೀಗೆ ಇಪ್ಪತ್ತು ವರ್ಷದಲ್ಲಿ ಬೆಳೆದದ್ದು. ಆ ಮಾತು ಕಿವಿಗೆ ಬಿದ್ದಾಗೆಲ್ಲ ಅವನು ಮೀಸೆ ಸವರಿಕೊಳ್ಳುತ್ತಿದ್ದ. ಅಷ್ಟರ ಮಟ್ಟಿಗೆ ಜಂಬ ಇತ್ತು, ಇಲ್ಲವೆನ್ನಲಾಗದು.

ಅವನಿಗೆ ಇನ್ನೊಂದು ಕಟ್ಟುನಿಟ್ಟು. ಗಾಡಿ ತೊಳೆದಿರಬೇಕು, ಒಳಗೆ ಒಂದು ಸಾಮಾನೂ ಇರಬಾರದು. ಈ ಊರಿನಲ್ಲಿ ಮಗ್ಗವನ್ನು ಮಿಸ್ತ್ರಿಗೆ ತೋರಿಸುವ ಮುಂಚೆ ಅದರ ಮೇಲಿನ ಬಟ್ಟೆ ಕತ್ತರಿಸಿ ತೆಗೆದು, ಒರೆಸಿ ಇಡುವುದು ಮರ್ಯಾದೆ. ಅದೇ ಮರ್ಯಾದೆಯನ್ನು ಅವನು ಗಾಡಿಗಳಿಗೂ ಹಚ್ಚಿದ್ದ. "ಖಾಲಿ ಮಾಡಿ ತರ್ರಿ" ಎಂದು ಬಾಗಿಲ ಮೇಲೆ ಬರೆಸಿಯೂ ಇದ್ದ.

ಅವನ ಹೆಂಡತಿ ಶೇವಂತಿ ನಲವತ್ತೈದನೆಯ ವಯಸ್ಸಿನಲ್ಲಿ ಸ್ಕೂಟಿ ಕಲಿತಳು. ಹತ್ತಿರದ ಚಿಮ್ಮಡ ಊರಿನ ಹೆಣ್ಣುಮಕ್ಕಳಿಗೆ ಸೀರೆ ಕೊಟ್ಟು, ಸೆರಗಿಗೆ ಕುಚ್ಚು ಕಟ್ಟಿಸಿ ತರುವುದು ಅವಳ ಕೆಲಸ. ಮೊದಲು ಬಸ್ಸಿಗೆ, ಆಟೋಕ್ಕೆ ಕಾದು ಅರ್ಧ ದಿನ ಹಾಳಾಗುತ್ತಿತ್ತು. ಸಾಲೆಯ ಮೈದಾನದಲ್ಲಿ ಮೂರು ಸಲ ಬಿದ್ದು, ನಾಲ್ಕನೆಯ ಸಲ ಮೈದಾನ ದಾಟಿ ಸೀದಾ ಚಿಮ್ಮಡದ ದಾರಿ ಹಿಡಿದವಳು ಅವಳು. ಅಂದಿನಿಂದ ನಡಿಗೆಯೇ ಬೇರೆಯಾಯಿತು, ಕುತ್ತಿಗೆ ನೆಟ್ಟಗಾಯಿತು. ಸಂಜೆ ಶೆಡ್ಡಿನ ಕಟ್ಟೆಯ ಮೇಲೆ ಕೂತು ಅವಳ ಗಾಡಿಯ ಸದ್ದಿಗೆ ಕಾಯುವುದೆಂದರೆ ಮುರಗೆಪ್ಪನಿಗೆ ಖುಷಿ. ಓಣಿಯ ತಿರುವಿನಲ್ಲಿ ಅವಳು ಒಮ್ಮೆ ಹಾರ್ನ್ ಹೊಡೆದರೆ ಅವನಿಗೆ ಚಹಾ ಇಡುವ ಹೊತ್ತು ಎಂದೇ ಅರ್ಥ.

ಹೋದ ವರ್ಷ ಕಬ್ಬಿನ ಹಂಗಾಮಿನಲ್ಲಿ ಒಂದು ಸಂಜೆ ಕತ್ತಲಾದರೂ ಹಾರ್ನ್ ಕೇಳಲೇ ಇಲ್ಲ. ಶೇವಂತಿ ಗಾಡಿಯನ್ನು ತಳ್ಳಿಕೊಂಡು ಬಂದಳು. ಸೀರೆಯ ತುಂಬ ಕೆಸರು, ಕೈಮೇಲೆ ಕಬ್ಬಿನ ಗರಿ ಕೊಯ್ದ ಗೆರೆಗಳು. ಮುರಗೆಪ್ಪ ಕಟ್ಟೆಯಿಂದ ಇಳಿದು ಬಂದ.

"ಏನಾತು?"

"ಎದುರಿಗೆ ಒಂದ ಗಾಡಿ ಬಂತು. ಲೈಟ್ ಕಣ್ಣಿಗೆ ಹೊಡದ್ವು, ರಸ್ತಾನ ಕಾಣಲಿಲ್ಲ. ಕಬ್ಬಿನಾಗ ಹೋಗಿ ಬಿದ್ದೆ. ಪೆಟ್ಟೇನ ಆಗಿಲ್ಲ, ಗಾಬರಿ ಆಗಬ್ಯಾಡ್ರಿ."

"ಯಾವನವ? ನಂಬರ್ ನೋಡಿದೇನು? ಅವನ ಲೈಟ್ ಕಿತ್ತ ಒಗಿತೀನಿ!"

ಶೇವಂತಿ ಗಂಡನ ಮುಖವನ್ನೊಮ್ಮೆ ನೋಡಿದಳು. ಹೇಳಲೋ ಬೇಡವೋ ಎಂಬಂತೆ ಸೆರಗು ಕೊಡವಿಕೊಂಡಳು.

"ಗಿರಿಮಲ್ಲಪ್ಪ ಸಾವಕಾರ್ರು. ಪಾಪ, ಅವರ ಇಳದ ಬಂದು ನನ್ನ ಎಬ್ಬಿಸಿದ್ರು. ‘ತಂಗಿ, ಹೋದ ಸೋಮವಾರನ ನಿನ್ನ ಗಂಡನ ಕಡೆ ಲೈಟ್ ಹೊಂದಿಸಿಕೊಂಡ ಬಂದೇನಿ, ಹಿಂಗ್ಯಾಕ ಆತು’ ಅಂದ್ರು."

ಶೇವಂತಿ ಸ್ಕೂಟಿಯ ಚಾವಿಯನ್ನು ದೇವರ ಜಗಲಿಯ ಪಕ್ಕದ ಮೊಳೆಗೆ ತೂಗುಹಾಕಿ, "ಸಾಕ್ರಿ. ನಾಳಿಂದ ನಾ ಬಸ್ಸಿಗೇ ಹೋಗತೀನಿ" ಎಂದು ಒಳಗೆ ಹೋದಳು. ಆ ಚಾವಿ ಮೊಳೆಗೆ ತೂಗಿದ್ದನ್ನು ನೋಡಿ ಅವನಿಗೆ ಆದ ಸಂಕಟ ಅಷ್ಟಿಷ್ಟಲ್ಲ. ಅವಳ ಕುತ್ತಿಗೆ ಮತ್ತೆ ಬಗ್ಗಿದ್ದನ್ನೂ ಅವನು ಕಂಡಿದ್ದ.

ಬೆಳಿಗ್ಗೆ ಸೀರೆ ವ್ಯಾಪಾರಿ ಗಿರಿಮಲ್ಲಪ್ಪ ತಾನಾಗಿಯೇ ತನ್ನ ಹಳೆಯ ಕಾರು ತಂದ. ಎಂದಿನಂತೆ ತೊಳೆದು, ಖಾಲಿ ಮಾಡಿ ತಂದಿದ್ದ. ಮುರಗೆಪ್ಪ ಗಾಲಿಯ ಗಾಳಿ ನೋಡಿದ, ಗೆರೆಗೆ ನಿಲ್ಲಿಸಿದ, ಬಾಗಿಲು ಎಳೆದು ದೀಪ ಹಚ್ಚಿದ. ಬೆಳಕಿನ ಅಂಚು ನೂಲಿಗಿಂತ ನಾಲ್ಕು ಬೆರಳು ಕೆಳಗೆ ಸಾಧುವಾಗಿ ಕೂತಿತ್ತು. ಎರಡು ಸಲ ಅಳೆದರೂ ಅಷ್ಟೇ.

"ನಿಂದೇನೂ ತಪ್ಪಿಲ್ಲ ಬಿಡಪಾ ಮಿಸ್ತ್ರಿ. ತಂಗಿಗೆ ಕತ್ತಲಾಗ ಹಂಗ ಅನಿಸಿರಬೇಕು" ಎಂದ ಗಿರಿಮಲ್ಲಪ್ಪ.

ಅಲ್ಲಿಗೇ ಮುಗಿಸಿಬಿಡಬಹುದಿತ್ತು. ಆದರೆ ಚಹಾ ತಂದ ಶೇವಂತಿ ಬಾಗಿಲಲ್ಲೇ ನಿಂತು ಗಾಡಿಯನ್ನು ದಿಟ್ಟಿಸಿದಳು. "ನಿನ್ನಿ ಗಾಡಿ ಹಿಂಗ ನಿಂತಿದ್ದಿಲ್ಲ. ಹಿಂದ ಕುಂತಿತ್ತು, ಮೂತಿ ಮ್ಯಾಲಿತ್ತು. ಕೈ ಒರಸಾಕ ಬಟ್ಟಿ ಕೊಡಾಕಂತ ಡಿಕ್ಕಿ ತಗದ್ರಲ್ಲ ಅಣ್ಣಾರ, ತುಂಬ ಸೀರಿ ಗಂಟು ಇದ್ವು."

ಮುರಗೆಪ್ಪ ಚಹಾ ಮುಟ್ಟಲಿಲ್ಲ. "ಸಾವಕಾರ್ರ, ನಿನ್ನಿ ಎಷ್ಟ ಗಂಟ ಇದ್ವೋ ಅಷ್ಟೂ ತರಸ್ರಿ" ಎಂದ.

ಗಂಟುಗಳು ಬಂದವು. ಒಂದೊಂದು ಗಂಟು ಹಿಂದೆ ಬಿದ್ದಂತೆ ಹಳೆಯ ಸ್ಪ್ರಿಂಗುಗಳು ಕುಸಿದವು, ಗೋಡೆಯ ಮೇಲಿನ ಬೆಳಕು ಏರತೊಡಗಿತು. ನೂಲನ್ನು ಮುಟ್ಟಿತು, ದಾಟಿತು. ಕೊನೆಯ ಗಂಟು ಇಟ್ಟಾಗ ಮೊದಲಿಗಿಂತ ಒಂದು ಗೇಣಿಗೂ ಮೇಲೆ ಏರಿ ನಿಂತಿತ್ತು. ಇಪ್ಪತ್ತೈದು ಅಡಿಗೆ ಒಂದು ಗೇಣು ಎಂದರೆ ನೂರು ಅಡಿಗೆ ನಾಲ್ಕು ಗೇಣು. ಸ್ಕೂಟಿಯ ಮೇಲೆ ಕೂತ ಶೇವಂತಿಯ ಕಣ್ಣು ಸರಿಯಾಗಿ ಅಲ್ಲಿಗೇ ಬರುತ್ತದೆ.

ಮುರಗೆಪ್ಪನಿಗೆ ನಾಚಿಕೆಯಾಯಿತು. ಇಪ್ಪತ್ತು ವರ್ಷ ಮೀಸೆ ಸವರಿಕೊಂಡದ್ದೆಲ್ಲ ಖಾಲಿ ಗಾಡಿಗಳ ಮೇಲೆ! ಈ ಸೀಮೆಯಲ್ಲಿ ಖಾಲಿ ಓಡುವ ಗಾಡಿ ಎಲ್ಲಿದೆ? ಸೀರೆ, ಗೊಬ್ಬರ, ಹಿಂದಿನ ಸೀಟಿನಲ್ಲಿ ಐದು ಜನ ಬೀಗರು. ಮರ್ಯಾದೆಯ ಹೆಸರಿನಲ್ಲಿ ಅವನು ಎಲ್ಲವನ್ನೂ ಇಳಿಸಿಟ್ಟು ಅಳೆದಿದ್ದ.

"ತಪ್ಪು ನಂದ್ರಿ" ಎಂದ, ಹೆಂಡತಿಗೂ ಕೇಳುವಂತೆ.

ಆ ದಿನ ಬೇರೆ ಗಾಡಿ ಮುಟ್ಟಲಿಲ್ಲ. ಹಿಂದಿನ ಸ್ಪ್ರಿಂಗು ಬದಲಿಸಿದ, ಭಾರವನ್ನು ಹಾಗೇ ಇಟ್ಟು ತಿರುಪು ತಿರುವಿ ಬೆಳಕನ್ನು ಇಳಿಸಿದ. ಖಾಲಿ ಇದ್ದಾಗ ಬೆಳಕು ತುಸು ಹತ್ತಿರ ಬೀಳುತ್ತದೆ, ಆಗ ನಿಧಾನ ಹೋಗಬೇಕೆಂದು ಗಿರಿಮಲ್ಲಪ್ಪನಿಗೆ ತಿಳಿಹೇಳಿದ. ಆದರೆ ಈ ಸಲ ಗೋಡೆಯ ಸಾಕ್ಷಿಯೊಂದನ್ನೇ ನಂಬುವ ಧೈರ್ಯ ಅವನಿಗಿರಲಿಲ್ಲ.

ಹೊತ್ತು ಮುಳುಗಿದ ಕೂಡಲೇ ಮೊಳೆಯ ಮೇಲಿನ ಚಾವಿ ತೆಗೆದುಕೊಂಡು, ಚಿಮ್ಮಡದ ದಾರಿಯ ಒಂದು ಸಮತಟ್ಟು ಜಾಗಕ್ಕೆ ಸ್ಕೂಟಿಯನ್ನು ತಾನೇ ಹೊಡೆದುಕೊಂಡು ಹೋದ. ಶೇವಂತಿ ಗಿರಿಮಲ್ಲಪ್ಪನ ಗಾಡಿಯಲ್ಲಿ ಬಂದಳು, ಅದೂ ಬಲವಂತಕ್ಕೆ. ನೂರು ಅಡಿ ಎಣಿಸಿ ಸ್ಕೂಟಿ ನಿಲ್ಲಿಸಿ ಅವಳನ್ನು ಕೂರಿಸಿದ.

"ನಾ ಹೊಡಿಯಂಗಿಲ್ರಿ, ಮೊದಲ ಹೇಳತೀನಿ."

"ಹೊಡಿಬ್ಯಾಡ. ಬರೇ ಕುಂಡ್ರು. ಏನ ಕಾಣತೈತಿ ಅಷ್ಟ ಹೇಳು." ಎಂದು ಅವನು ಗಾಡಿಯ ಪಕ್ಕಕ್ಕೆ ಬಂದು ನಿಂತ. ದೀಪ ಹತ್ತಿತು. ಶೇವಂತಿ ಮೊದಲೇ ಕಣ್ಣು ಮುಚ್ಚಿಕೊಂಡಿದ್ದಳು. ಆಮೇಲೆ ಒಂದೊಂದೇ ತೆರೆದಳು. ಆಕಾಶದಲ್ಲಿ ಇನ್ನೂ ಚೂರು ಬೆಳಕಿತ್ತು.

"ರಸ್ತಾ ಕಾಣತೈತಿ" ಎಂದು ಕೂಗಿದಳು. "ಕಬ್ಬಿನ ಬದು ಕಾಣತೈತಿ. ಸಾವಕಾರ್ರ ಗಾಡಿ ಕಾಣತೈತಿ." ತುಸು ತಡೆದು, "ನೀವು ಬಾಯಿ ತಗದು ನಿಂತದ್ದೂ ಕಾಣತೈತಿ!"

ಗಿರಿಮಲ್ಲಪ್ಪ ಗಹಗಹಿಸಿ ನಕ್ಕ. ಮುರಗೆಪ್ಪ ಬಾಯಿ ಮುಚ್ಚಿಕೊಳ್ಳುವಷ್ಟರಲ್ಲಿ ಸ್ಕೂಟಿಯ ಸದ್ದು ಕೇಳಿತು. ಶೇವಂತಿ ಎದುರಿಗೇ ಬಂದಳು, ಬೆಳಕಿನೊಳಗೇ ಬಂದಳು, ಅವರಿಬ್ಬರನ್ನೂ ದಾಟಿ ನಿಲ್ಲದೆ ಬನಹಟ್ಟಿಯ ಕಡೆಗೆ ಹೊರಟೇಬಿಟ್ಟಳು.

"ಮಿಸ್ತ್ರಿ, ನೀ ಹೆಂಗ ಬರಾವಪ?" ಎಂದ ಗಿರಿಮಲ್ಲಪ್ಪ. "ಹಿಂದ ಗಂಟಿನ ನಡುವ ಜಾಗ ಐತಿ ಹತ್ತು. ನಿನ್ನ ಭಾರ ಲೆಕ್ಕಕ್ಕ ಹಿಡದೀಯೋ ಇಲ್ಲೋ?"

ಗಾಡಿ ತಿರುಗಿತು. ಸೀರೆಯ ಗಂಟುಗಳ ನಡುವೆ ಇರುಕಿಕೊಂಡು ಕೂತ ಮುರಗೆಪ್ಪ ಕುತ್ತಿಗೆ ಚಾಚಿ ಮುಂದೆ ನೋಡುತ್ತಲೇ ಇದ್ದ. ಊರು ಮುಟ್ಟುವವರೆಗೂ ಬೆಳಕು ಶೇವಂತಿಯ ಸ್ಕೂಟಿಯ ಹಿಂದಿನ ಗಾಲಿಗಿಂತ ಮೇಲೆ ಏರಲಿಲ್ಲ. ಓಣಿಯ ತಿರುವಿನಲ್ಲಿ ಅವಳು ಒಮ್ಮೆ ಹಾರ್ನ್ ಹೊಡೆದಳು.

ಮರುದಿನ ಮುರಗೆಪ್ಪ ಬಾಗಿಲ ಮೇಲಿನ ಬರಹ ಅಳಿಸಿ, "ತುಂಬಿಕೊಂಡು ಬರ್ರಿ" ಎಂದು ಬರೆಸಿದ. ಪೇಂಟರ್ ಚೌಕಾಸಿ ಮಾಡುತ್ತಿದ್ದಾಗ ಒಳಗೆ ಹೋಗಿ ಮೊಳೆಯನ್ನು ನೋಡಿ ಬಂದ. ಚಾವಿ ಅಲ್ಲಿರಲಿಲ್ಲ. ಚಿಮ್ಮಡಕ್ಕೆ ಹೋಗಿತ್ತು.