ಜಿಪುಣನ ಕಾರ್ಡು

ಆಫೀಸಿನಲ್ಲಿ ಅವನಿಗೆ ಜಿಪುಣ ಎಂದೇ ಹೆಸರು. ಕಾಸಿನ ವಿಷಯದಲ್ಲಲ್ಲ, ಕರೆದು ಕಾಫಿ ಕುಡಿಸುವುದರಲ್ಲಿ ಅವನದು ಎತ್ತಿದ ಕೈ. ಜಿಪುಣತನವೆಲ್ಲ ಕಂಪ್ಯೂಟರಿನ ಪರದೆಯ ಮೇಲೆ. ಒಮ್ಮೆ ಬರೆದದ್ದನ್ನು ಪರದೆ ಸುಮ್ಮಸುಮ್ಮನೆ ಮತ್ತೆ ಬರೆಯಿತೆಂದರೆ ಅವನಿಗೆ ಮೈಯೆಲ್ಲ ಉರಿ. ಬಸ್ಸು ಓಡಿಸುವ ಅವನ ಭಾವ ಇದನ್ನೇ ಹಿಡಿದು ಆಡಿಕೊಳ್ಳುತ್ತಿದ್ದರು: "ಇವನನ್ನ ಮದುವೆಗೆ ಕರೀಬೇಡ್ರಪ್ಪ. ಹೋದ ಸಲದ ಮದುವೆಗೂ ಇದಕ್ಕೂ ಏನು ವ್ಯತ್ಯಾಸ ಅಂತಾನೆ." ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಅವನನ್ನು ಎತ್ತಿ ಆಡಿಸಿದ ಅಕ್ಕ.

ಅವನ ಕಸುಬು ಅರ್ಥವಾಗದಂಥದ್ದೇನಲ್ಲ. ಪರದೆಯನ್ನು ತುಂಡು ತುಂಡಾಗಿ ಕಟ್ಟುತ್ತಾರೆ. ಪ್ರತಿ ತುಂಡಿಗೂ ಮೇಲಿನಿಂದ ಒಂದಿಷ್ಟು ಮಾಹಿತಿ ಇಳಿದು ಬರುತ್ತದೆ. ಅದಕ್ಕೆ ಪ್ರಾಪ್ಸ್ ಎನ್ನುತ್ತಾರೆ. ಬಂದದ್ದು ಹಳೆಯದೇ ಆಗಿದ್ದರೆ ನೆನಪಿನಲ್ಲಿರುವ ಚಿತ್ರವನ್ನೇ ತೋರಿಸು, ಬದಲಾಗಿದ್ದರೆ ಮಾತ್ರ ಹೊಸದಾಗಿ ಬರೆ ಎಂದು ತುಂಡಿಗೆ ಕಲಿಸಬಹುದು. ಅವರು ಮೆಮೊ ಹಾಕುವುದು ಎನ್ನುವುದು ಇದಕ್ಕೇ.

ಒಂದು ಆಸ್ಪತ್ರೆಯ ಹಜಾರಕ್ಕೆ ಅವನು ಬೋರ್ಡು ಮಾಡಿಕೊಟ್ಟ. ರೋಗಿಗೊಂದು ಕಾರ್ಡು, ಅದರಲ್ಲಿ ಹೆಸರು ಮತ್ತು ಹಾಸಿಗೆ. ಯಾವುದೋ ಒಂದು ಪ್ರಾಪ್, ಒಳಗಿನ ಮಾಹಿತಿ ಅದೇ ಆಗಿದ್ದರೂ, ಪ್ರತಿ ಸಲವೂ ಹೊಸ ವೇಷದಲ್ಲಿ ಬರುತ್ತಿದ್ದುದರಿಂದ ಕಾರ್ಡುಗಳೆಲ್ಲ ಮಿಣಮಿಣ ಎನ್ನುತ್ತಿದ್ದವು. ಅದರ ಮೂಲ ಹುಡುಕುವುದು ಬಿಟ್ಟು ಮಹಾಶಯ ಅಡ್ಡದಾರಿ ಹಿಡಿದ. ಹೆಸರು, ಹಾಸಿಗೆ ಇವೆರಡನ್ನೇ ಹೋಲಿಸು. ಅವು ಹಾಗೇ ಇದ್ದರೆ ಕಾರ್ಡು ಮುಟ್ಟಬೇಡ ಎಂದು ಬರೆದ. ಮಿಣುಕು ನಿಂತಿತು, ಎಲ್ಲರೂ ಭೇಷ್ ಎಂದರು.

ಆಮೇಲೆ ಕಾರ್ಡಿಗೆ ಇನ್ನೊಂದು ಗೆರೆ ಬಂತು. ಕೆಂಪಾದರೆ ರೋಗಿಯನ್ನು ನೋಡುವಂತಿಲ್ಲ, ಹಸಿರಾದರೆ ಒಳಗೆ ಹೋಗಬಹುದು. ಅದನ್ನು ಸೇರಿಸಿದ ಸಹೋದ್ಯೋಗಿ ಕೇಳಿದಳು: "ಸಾರ್, ನಿಮ್ಮ ಹೋಲಿಕೆಗೂ ಇದನ್ನ ಸೇರಿಸಬೇಕಲ್ವಾ?"

"ಅದನ್ನ ಮುಟ್ಟಬೇಡಮ್ಮ. ಮತ್ತೆ ಮಿಣಮಿಣ ಶುರುವಾಗುತ್ತೆ," ಎಂದ. ಪೂರ್ತಿ ಕೇಳಿಸಿಕೊಂಡಿರಲೂ ಇಲ್ಲ. ಪರೀಕ್ಷೆ ಮಾಡುವಾಗ ಪ್ರತಿ ಸಲವೂ ಪುಟವನ್ನು ಹೊಸದಾಗಿ ತೆರೆಯುತ್ತಿದ್ದರು. ಹಾಗೆ ತೆರೆದರೆ ಎಲ್ಲವೂ ಮೊದಲಿನಿಂದ ಬರೆದುಕೊಳ್ಳುತ್ತದೆ, ಬಣ್ಣ ಸರಿಯಾಗಿಯೇ ಕಾಣುತ್ತದೆ.

ಹೊಸ ಗೆರೆ ಬೋರ್ಡಿಗೆ ಬಂದ ವಾರವೇ ಭಾವನಿಗೆ ಎದೆನೋವು ಬಂತು. ನೋವನ್ನು ಮುಚ್ಚಿಟ್ಟುಕೊಂಡೇ ಬಸ್ಸು ಓಡಿಸಿದ್ದರು ಎಂದು ತಿಳಿದು ಅಕ್ಕ ದಾರಿಯುದ್ದಕ್ಕೂ ಬೈದಿದ್ದಳು. ಬೋರ್ಡಿದ್ದ ಅದೇ ಆಸ್ಪತ್ರೆಯವರು ಅವರನ್ನು ಒಳಗೆ ಕರೆದೊಯ್ದು, ಸಂಜೆ ಆಪರೇಷನ್ ಎಂದರು. ಅಕ್ಕ ತಮ್ಮನಿಗೆ ಫೋನು ಮಾಡಿದಳು. "ಬಾಯಿಗೆ ಬಂದದ್ದೆಲ್ಲ ಅಂದ್ಬಿಟ್ಟೆ ಕಣೋ. ಆಪರೇಷನ್ನಿಗೆ ಮುಂಚೆ ಒಂದ್ಸಲ ಮಾತಾಡಿಸ್ಬೇಕು."

"ಬೋರ್ಡು ನೋಡ್ತಾ ಇರಕ್ಕ. ಹಸಿರಾದ ತಕ್ಷಣ ಒಳಗೆ ಹೋಗು. ಅಲ್ಲೀವರೆಗೆ ಅವರಿವರ ತಲೆ ತಿನ್ನಬೇಡ," ಎಂದ ಅವನು. ಆ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು ಎನ್ನುವುದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ ಅವನಿಗೆ.

ಸಂಜೆ ಅವನು ಬಂದಾಗ ಅಕ್ಕ ಬೋರ್ಡಿನ ಎದುರೇ ಕೂತಿದ್ದಳು. ಭಾವನ ಕಾರ್ಡು ಕೆಂಪಾಗಿಯೇ ಇತ್ತು. ಭಾವನನ್ನು ಇನ್ನೊಂದು ಬಾಗಿಲಿಂದ ಆಪರೇಷನ್ನಿಗೆ ಕರೆದೊಯ್ದಾಗಿತ್ತು. ದಾದಿಯನ್ನು ಹುಡುಕಿಕೊಂಡು ಹೋಗಿ ಕೇಳಿದ.

"ಮಧ್ಯಾಹ್ನವೇ ಹಸಿರು ಮಾಡಿದ್ನಲ್ಲ," ಎಂದಳು ಆಕೆ. "ಚೆನ್ನಾಗಿ ಎಚ್ಚರವಾಗಿದ್ರು. ಬಾಗಿಲ ಕಡೆ ನೋಡ್ತಾನೇ ಇದ್ರು. ಯಾರೂ ಬರಲಿಲ್ಲ."

ಅವನಿಗೆ ತಕ್ಷಣ ಹೊಳೆಯಿತು. ಹೆಸರು ಅದೇ, ಹಾಸಿಗೆ ಅದೇ. ಬಣ್ಣವನ್ನು ಹೋಲಿಸು ಎಂದು ಅವನು ಹೇಳಿರಲೇ ಇಲ್ಲ. ಬೋರ್ಡು ಅವನ ಮಾತನ್ನು ಚಾಚೂ ತಪ್ಪದೆ ಪಾಲಿಸಿತ್ತು.

ಭಾವ ಆಪರೇಷನ್ನಿನಿಂದ ಏಳಲಿಲ್ಲ.

ತಿದ್ದುವುದೇನು ದೊಡ್ಡ ಮಾತು, ಒಂದು ಸಾಲು. ಆದರೆ ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವೇನು ಎಂದು ಗಾದೆ ಹೇಳಿದವನಿಗೆ ಅಕ್ಕ ಇದ್ದಿರಲಾರಳು. ಎಷ್ಟೋ ದಿನ ಜಿಪುಣ ಅವಳ ಮನೆಯ ಬೀದಿಯವರೆಗೆ ಹೋಗಿ ವಾಪಸು ಬಂದ. ಉಳಿದ ರೋಗಿಗಳ ಮನೆಯವರು ಯಾರೂ ಬೋರ್ಡನ್ನೇ ನಂಬಿ ಕೂತವರಲ್ಲ. ದಾದಿ ಕಂಡೊಡನೆ ಎದ್ದು ಹೋಗಿ ಕೇಳಿದವರು. ಹಾಗಾಗಿ ದೂರೂ ಬರಲಿಲ್ಲ, ಬೈಯುವವರೂ ಇರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮುಚ್ಚಿಕೊಂಡು ಬದುಕಲು ಅವನಿಂದ ಆಗಲಿಲ್ಲ.

ಒಂದು ಭಾನುವಾರ ಕೊನೆಗೂ ಒಳಗೆ ಹೋದ. ಅಕ್ಕ ಭಾವನ ಖಾಕಿ ಅಂಗಿಗಳನ್ನು ಮಡಚುತ್ತಿದ್ದಳು. ಅವನು ನಿಂತೇ ಎಲ್ಲ ಹೇಳಿದ. ಬಣ್ಣ ಮಧ್ಯಾಹ್ನವೇ ಬದಲಾಗಿತ್ತು, ಕಾರ್ಡು ತೋರಿಸಲಿಲ್ಲ, ತಪ್ಪು ನನ್ನದೇ ಅಕ್ಕ ಎಂದ.

ಅವಳು ಬೈದಿದ್ದರೆ ಚೆನ್ನಾಗಿತ್ತು. ಕೈಯಲ್ಲಿದ್ದ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡಳು.

"ಆಯಾ ಬಂದು ಕರೆದಳು ಕಣೋ," ಎಂದಳು. "ಎದ್ದು ಕೂತಿದ್ದಾರೆ, ನಿಮ್ಮನ್ನೇ ಕೇಳ್ತಿದ್ದಾರೆ, ಬನ್ನಿ ಅಂದ್ಳು. ಇನ್ನೂ ಕೆಂಪಿದೆಯಲ್ಲಮ್ಮ ಅಂದೆ. ನನ್ನ ತಮ್ಮ ಮಾಡಿರೋ ಬೋರ್ಡು, ಅದು ತಪ್ಪು ತೋರಿಸಲ್ಲ ಅಂತ ನಾನೇ ಅವಳನ್ನ ವಾಪಸು ಕಳಿಸಿಬಿಟ್ಟೆ."